ಸರ್ ಹಾಕಿಸಿದ ನಾಬ್

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅದು ಅರ್ಧ ನಿಜ. ಮೂಗಿನ ತುದಿಯ ಸಿಟ್ಟು ಚಹಾ ಆರುವುದರೊಳಗೆ ಇಳಿದುಹೋಗುತ್ತದೆ. ನನ್ನೊಳಗೆ ಇನ್ನೊಂದು ನಮೂನೆಯದೂ ಇದೆ. ಅದು ಕೂಗಾಡುವುದಿಲ್ಲ, ಕೂತುಕೊಂಡು ಕಾಯುತ್ತದೆ. ವರ್ಷಗಟ್ಟಲೆ ನನ್ನ ಜೊತೆಗೇ ಊಟ ಮಾಡಿ ನಿದ್ದೆ ಮಾಡಿ ಆರಾಮಾಗಿರುತ್ತದೆ. ಇಲ್ಲಿ ಬರೆಯುತ್ತಿರುವುದು ಆ ಎರಡನೆಯ ಸಿಟ್ಟಿನ ಕಥೆ. ಓದಿದ ಮೇಲೆ ಯಾರಾದರೂ, ಪಾಪ, ಹಿರಿಯರು, ಕ್ಷಮಿಸಬಹುದಿತ್ತು ಎಂದರೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಕ್ಷಮಿಸಬಹುದಿತ್ತು, ಕ್ಷಮಿಸಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ನವನಗರದಲ್ಲಿತ್ತು. ಅಲ್ಲಿ ಆಗ ಇನ್ನೂ ಖಾಲಿ ಸೈಟುಗಳೇ ಹೆಚ್ಚು. ಇವತ್ತು ಈ ಓಣಿಯಲ್ಲಿ, ನಾಳೆ ಆ ಓಣಿಯಲ್ಲಿ ಹೊಸ ಮನೆ ಏಳುತ್ತಿತ್ತು. ಮನೆ ಎದ್ದಿತೆಂದರೆ ವಾಸ್ತುಶಾಂತಿ, ವಾಸ್ತುಶಾಂತಿ ಎಂದರೆ ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವುದು. ಅವ್ವನ ಹತ್ತಿರ ತವರಿನಿಂದ ತಂದ ಒಂದು ಸಣ್ಣ ಹಿತ್ತಾಳೆ ಪಾತೇಲಿ ಇತ್ತು, ಒಳಗೆ ಕಲಾಯಿ ಹಾಕಿಸಿದ್ದು. ನಮ್ಮ ಮನೆಯ ಹಾಲನ್ನು ಅದರಲ್ಲೇ ಉಕ್ಕಿಸಿದ್ದರು. ಪಕ್ಕದ ಮನೆಯವರು ತಮ್ಮ ವಾಸ್ತುಶಾಂತಿಗೆ ಅದನ್ನು ಕೇಳಿ ಒಯ್ದರು. ಅವರಿಗೆ ಅದೇ ವರ್ಷ ಮೊಮ್ಮಗ ಹುಟ್ಟಿದ. ಅವರ ಬೀಗರು ಒಯ್ದರು. ನೋಡನೋಡುತ್ತ ಅವ್ವನ ಪಾತೇಲಿ ಇಲ್ಲದೆ ನಮ್ಮ ಸುತ್ತಮುತ್ತ ಯಾರ ಮನೆಯೂ ತೆರೆಯದಂತಾಯಿತು. ಪಾತೇಲಿಯ ಹಿಂದೆ ಅವ್ವನೂ ಹೋಗಬೇಕು, ಹಾಲು ಅವಳೇ ಸುರಿಯಬೇಕು. ಮನೆಯಲ್ಲಿ ಅಪ್ಪನ ಮುಂದೆ ದನಿ ಎತ್ತದ ಹೆಂಗಸು, ಇಳಕಲ್ಲ ಸೀರೆ ಉಟ್ಟು ಪಾತೇಲಿ ಹಿಡಿದು ಓಣಿಯಲ್ಲಿ ಹೊರಟಳೆಂದರೆ ಎದುರಿಗೆ ಬಂದವರು ಬದಿಗೆ ಸರಿದು ದಾರಿ ಬಿಡುತ್ತಿದ್ದರು. ಅವಳಿಗೆ ಇದ್ದ ಮರ್ಯಾದೆ ಅದೊಂದೇ, ಅದು ಅವಳಿಗೆ ಸಾಕಾಗಿತ್ತು.

ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಎಂ.ಇ. ಓದುತ್ತಿದ್ದೆ. ಬೆಂಕಿ ಇಲ್ಲದೆ ಕಬ್ಬಿಣ ಕಾಯಿಸುವ ಯಂತ್ರ ನನ್ನ ಪ್ರಾಜೆಕ್ಟು. ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಅದರೊಳಗೆ ಉಕ್ಕಿನ ರಿಂಗು ಇಟ್ಟು ವಿದ್ಯುತ್ ಹರಿಸಿದರೆ ಸುರುಳಿ ತಣ್ಣಗಿರುತ್ತದೆ, ಒಳಗಿನ ರಿಂಗು ಕೆಂಪಗಾಗುತ್ತದೆ. ಕೈಗಾರಿಕಾ ವಸಾಹತಿನಲ್ಲಿ ವಾಲ್ವುಗಳ ಕಾರ್ಖಾನೆ ನಡೆಸುತ್ತಿದ್ದ ಒಬ್ಬ ಸಾಹುಕಾರರು ಇದಕ್ಕೆ ಸಾಮಾನು ಕೊಡಿಸಿದ್ದರು. ಯಂತ್ರ ನಡೆದರೆ ಅವರ ಕಾರ್ಖಾನೆಯಲ್ಲಿ ಡೀಸೆಲ್ ಭಟ್ಟಿಯ ಹೊಗೆ ತಪ್ಪುತ್ತದೆ. ಅದನ್ನು ನೋಡಿಕೊಳ್ಳುವ ಇಂಜಿನಿಯರ್ ಕೆಲಸ ನನಗೇ ಎಂದು ಬಾಯಿಬಿಟ್ಟು ಹೇಳಿದ್ದರು.

ಈ ಯಂತ್ರದ ಗುಟ್ಟು ಹೊತ್ತು ತಪ್ಪದಿರುವುದರಲ್ಲಿದೆ. ನಮ್ಮ ಕಡೆ ಪಂಚಮಿಗೆ ಜೋಕಾಲಿ ಕಟ್ಟುತ್ತಾರಲ್ಲ, ಹಾಗೆ. ಜೋಕಾಲಿ ತನ್ನದೇ ಲಯದಲ್ಲಿ ಹೋಗಿ ಬರುತ್ತದೆ. ಆ ಲಯ ನೋಡಿ ತಳ್ಳಿದರೆ ಸಣ್ಣ ಕೈಯೂ ದೊಡ್ಡ ಹೆಂಗಸನ್ನು ಮರದ ಕೊಂಬೆಯ ತನಕ ಒಯ್ಯುತ್ತದೆ. ಲಯ ತಪ್ಪಿ ತಳ್ಳಲು ಹೋದರೆ ಜೋಕಾಲಿ ತಳ್ಳುವವರ ಎದೆಗೇ ಬಂದು ಬಡಿಯುತ್ತದೆ. ನನ್ನ ಯಂತ್ರದಲ್ಲಿ ಸುರುಳಿಗೂ ಕೆಪ್ಯಾಸಿಟರಿಗೂ ನಡುವೆ ವಿದ್ಯುತ್ತು ಹಾಗೇ ಹೋಗಿ ಬರುತ್ತಿತ್ತು, ತಳ್ಳುವ ಕೆಲಸ ಟ್ರಾನ್ಸಿಸ್ಟರುಗಳದು. ತೊಂದರೆ ಏನೆಂದರೆ ಲಯ ಒಂದೇ ಇರುವುದಿಲ್ಲ. ಕೂತಿದ್ದ ಹುಡುಗಿ ಎದ್ದು ನಿಂತು ಜೀಕತೊಡಗಿದರೆ ಜೋಕಾಲಿ ಚುರುಕಾಗುವ ಹಾಗೆ, ಉಕ್ಕು ಕೆಂಪಗಾಯಿತೆಂದರೆ ಲಯ ಏರುತ್ತದೆ. ಉಕ್ಕು ತೆಗೆದು ಹಿತ್ತಾಳೆ ಇಟ್ಟರಂತೂ ಮೊದಲಿನಿಂದಲೇ ಏರಿಬಿಟ್ಟಿರುತ್ತದೆ. ಹಳೆಯ ಲಯದಲ್ಲೇ ತಳ್ಳುತ್ತಿದ್ದರೆ ಟ್ರಾನ್ಸಿಸ್ಟರುಗಳು ಎದೆಗೆ ಏಟು ತಿಂದು ಸುಟ್ಟುಹೋಗುತ್ತವೆ.

ಅದಕ್ಕೆ ಒಂದು ಕಣ್ಣು ಬೇಕು. ಹೋಗಿ ಬರುವುದನ್ನು ನೋಡುತ್ತ, ಈಗ ತಳ್ಳು, ಈಗ ತಳ್ಳು ಎಂದು ಹೇಳುವ ಕಣ್ಣು. ಪುಸ್ತಕದಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಸುರುಳಿಗೆ ಹೋಗುವ ತಂತಿಯ ಸುತ್ತ ನಾನೇ ತೆಳ್ಳನೆಯ ತಂತಿ ಸುತ್ತಿದ ಒಂದು ಉಂಗುರ ತೊಡಿಸಿದ್ದೆ. ಅದು ಹರಿವನ್ನು ಅಳೆದು ನಿಯಂತ್ರಣದ ಬೋರ್ಡಿಗೆ ಸುದ್ದಿ ಮುಟ್ಟಿಸುತ್ತಿತ್ತು. ಮಗುವಿನ ಬಳೆಯಷ್ಟು ಇದ್ದುದರಿಂದ ಲ್ಯಾಬಿನಲ್ಲಿ ಅದಕ್ಕೆ ಬಳೆ ಎಂದೇ ಹೆಸರಾಯಿತು. ಆ ಬಳೆಗೂ ಅದರ ಬೋರ್ಡಿಗೂ ನಾನು ಒಂದಿಡೀ ವರ್ಷ ತಲೆ ಕೊಟ್ಟಿದ್ದೆ.

ನನ್ನ ಗೈಡ್ ಆಗಿದ್ದ ಪ್ರೊಫೆಸರರನ್ನು ಇಲ್ಲಿ ಸರ್ ಎಂದಷ್ಟೇ ಕರೆಯುತ್ತೇನೆ. ಧಾರವಾಡದ ಸಪ್ತಾಪುರದಲ್ಲಿ ಮನೆ, ಇಸ್ತ್ರಿ ಮುರಿಯದ ಅಂಗಿ, ಬಾಯಿ ತೆರೆದರೆ ಸಕ್ಕರೆ. ಪಾಠ ಚೆನ್ನಾಗಿ ಮಾಡುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ಫೀಡ್‌ಬ್ಯಾಕ್ ಎಂದರೇನು ಎಂದು ನನಗೆ ಕಲಿಸಿದವರೂ ಅವರೇ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಗೊತ್ತಿಲ್ಲದವರು ಮಾಡಿದ್ದರೆ ಬಿಟ್ಟುಬಿಡುತ್ತಿದ್ದೆ.

ಯಂತ್ರವನ್ನು ಕಾರ್ಖಾನೆಯಲ್ಲಿ ಸುರು ಮಾಡುವ ದಿನ ಗೊತ್ತಾಯಿತು. ಸಾಹುಕಾರರು ಹಣೆಯ ತುಂಬ ವಿಭೂತಿ ಹಚ್ಚುವ ಮನುಷ್ಯ. ಕಾಯಿಸುವ ಯಂತ್ರ ಬರುತ್ತದೆ ಎಂದರೆ ಅವರ ಪಾಲಿಗೆ ಅದೊಂದು ಹೊಸ ಒಲೆಯೇ. ಮೊದಲು ರಿಂಗು ಕಾಯಿಸುವುದು ಹೇಗೆ, ಮೊದಲು ಹಾಲು ಉಕ್ಕಬೇಕು. ಹೀಗೆ ಹೇಳಿಯೇ ಹೇಳುತ್ತಾರೆ ಎಂದು ನನಗೆ ಮೊದಲೇ ಗೊತ್ತಿತ್ತು. ಪೂಜೆಗೆ ಸ್ಟೀಲಿನ ಪಾತ್ರೆ ಮುಟ್ಟುವುದಿಲ್ಲ ಎಂದೂ ಗೊತ್ತಿತ್ತು. ಅದಕ್ಕೇ ಲಯ ಎಷ್ಟೇ ಏರಿದರೂ ಬೋರ್ಡು ಬೆನ್ನು ಹತ್ತಿ ಹಿಡಿಯುವ ಹಾಗೆ ಮಾಡಿಟ್ಟು, ಅವ್ವನ ಪಾತೇಲಿಯನ್ನೇ ಲ್ಯಾಬಿಗೆ ಒಯ್ದು ನೀರು ಹಾಕಿ ನೋಡಿದೆ. ನೀರು ಕುದಿಯಿತು. ಸರ್ ಪಕ್ಕದಲ್ಲೇ ನಿಂತು ನೋಡಿದರು.

"ಭೇಷ್!" ಎಂದರು. ಆಮೇಲೆ ಗಲ್ಲ ಕೆರೆದುಕೊಂಡು, "ಅಲ್ಲವಾ, ಎಲ್ಲಾ ತಾನಽ ಮಾಡ್ಕೊಂಡ್ರ ನಾ ಅಲ್ಲಿ ನಿಂತ ಏನ್ ಮಾಡ್ಲಿ? ಒಂದ ನಾಬ್ ಇರಬೇಕ ನೋಡು. ಮಂದಿ ಮುಂದ ತಿರುವಾಕ ಛಲೋ ಕಾಣತೈತಿ" ಎಂದರು.

ನಾನು ನಕ್ಕೆ. ತಮಾಷೆ ಎಂದುಕೊಂಡಿದ್ದೆ.

ಆ ದಿನ ಕಾರ್ಖಾನೆಯ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಕಾಲೇಜಿನ ದೊಡ್ಡವರು, ಸಾಹುಕಾರರ ಬೀಗರು, ಸುತ್ತಲಿನ ಕಾರ್ಖಾನೆಯವರು ಎಲ್ಲ ಬಂದಿದ್ದರು. ಹೆಂಗಸರೆಲ್ಲರ ಮುಂದೆ ನಮ್ಮವ್ವ, ಕೈಯಲ್ಲಿ ಪಾತೇಲಿ. ನವನಗರದ ನಾಲ್ಕಾರು ಮಂದಿಯನ್ನೂ ಕರೆತಂದಿದ್ದಳು. ಯಂತ್ರವನ್ನು ಹಿಂದಿನ ದಿನ ನಾನು ಮನೆಗೆ ಹೋದ ಮೇಲೆ ಸರ್ ತಾವೇ ನಿಂತು ಸಾಗಿಸಿದ್ದರು. ಅದರ ಮೇಲೆ ಹೂವಿನ ಹಾರ. ಹಾರದ ಸಂದಿಯಲ್ಲಿ ಒಂದು ಕರಿಯ ನಾಬ್ ಕಂಡಿತು. ಬರಿಯ ಶೋಭೆಗೆ ಹಾಕಿಸಿರಬೇಕು ಎಂದುಕೊಂಡೆ. ಕೇಳುವಷ್ಟರಲ್ಲಿ ಮಂಗಳಾರತಿ ಸುರುವಾಯಿತು.

ಅವ್ವ ಹಾಲು ಸುರಿದಳು. ಪಾತೇಲಿಯನ್ನು ಸುರುಳಿಯೊಳಗೆ ಇಟ್ಟರು. ಸರ್ ಕೈಮುಗಿದು, ಎಲ್ಲರ ಕಡೆ ಒಮ್ಮೆ ನೋಡಿ, ನಾಬ್ ತಿರುವಿದರು. ಪಟಾಕಿ ಹಾರಿದಂಥ ಸದ್ದಾಯಿತು. ಪೆಟ್ಟಿಗೆಯಿಂದ ಹೊಗೆ ಎದ್ದಿತು. ಗಾಬರಿಯಲ್ಲಿ ಹಿಂದೆ ಸರಿದ ಯಾರದೋ ಕೈ ಬಡಿದು ಪಾತೇಲಿ ಮಗುಚಿತು, ಹಸಿ ಹಾಲು ಅವ್ವನ ಸೀರೆಯ ಮೇಲೆ ಚೆಲ್ಲಿ ರಂಗೋಲಿಯ ತನಕ ಹರಿಯಿತು.

ಸರ್ ಒಂದು ಕ್ಷಣವೂ ತಡವರಿಸಲಿಲ್ಲ. ಗುಂಪಿನಲ್ಲಿ ನನ್ನನ್ನು ಹುಡುಕಿ ಬೆರಳು ತೋರಿಸಿದರು. "ಹುಡುಗಿ ಜೋಡಸೂದ್ರಾಗ ಏನೋ ತಪ್ಪ ಮಾಡ್ಯಾಳ್ರಿ. ಗಡಿಬಿಡಿ ಮಾಡಬ್ಯಾಡ ಅಂತ ಬಡ್ಕೊಂಡಿದ್ದೆ."

ಸಾಹುಕಾರರು ಏನೂ ಅನ್ನಲಿಲ್ಲ. ಬಂದಿದ್ದ ಹೆಂಗಸರು ಅಂದರು. ಹುಡುಗಿಯ ಕಾಲ್ಗುಣವೇ ಸರಿಯಿಲ್ಲ ಎಂದು ಒಬ್ಬರು, ಆ ಪಾತೇಲಿಯಲ್ಲೇ ಏನೋ ಇದೆ ಎಂದು ಇನ್ನೊಬ್ಬರು. ಅವ್ವ ಸೀರೆಯ ನಿರಿಗೆ ಹಿಂಡಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು.

ಯಂತ್ರ ಲ್ಯಾಬಿಗೆ ವಾಪಸ್ ಬಂದಾಗ ಮುಚ್ಚಳ ಬಿಚ್ಚಿದೆ. ನನ್ನ ಬಳೆ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು. ಅದರ ತಂತಿಯನ್ನು ಕತ್ತರಿಸಿ ತುದಿಗೆ ನೀಟಾಗಿ ಕರಿ ಟೇಪು ಸುತ್ತಿದ್ದರು. ನಾಬ್‌ನಿಂದ ಹೊಸ ತಂತಿ ಎಳೆದು ಬೋರ್ಡಿಗೆ ಬೆಸುಗೆ ಹಾಕಿದ್ದರು. ಬೆಳಿಗ್ಗೆ ತಣ್ಣನೆಯ ಉಕ್ಕಿನ ರಿಂಗು ಇಟ್ಟು ಲಯ ಹೊಂದಿಸಿಕೊಂಡಿದ್ದಾರೆ, ಆಮೇಲೆ ಹಿತ್ತಾಳೆ ಬಂದಿದೆ, ಕಣ್ಣು ಕಿತ್ತ ಯಂತ್ರ ಕುರುಡಾಗಿ ತಳ್ಳಿದೆ. ಸರ್ ಹತ್ತಿರ ಹೋಗಿ ಬಳೆ ತೋರಿಸಿದೆ. ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಹಾಕೂದ ನೀನಽ ಮರ್ತಿ ಕಾಣತೈತಿ" ಎಂದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಮನೆಯಲ್ಲಿ ಹೇಳಿದರೆ ಅಪ್ಪ, "ಸರ್ ಜೋಡಿ ಜಗಳ ಬ್ಯಾಡ, ನಿನ್ನ ಮಾರ್ಕ್ಸ್ ಅವರ ಕೈಯಾಗ ಅದಾವ" ಎಂದ. ಬಾಯಿ ಮುಚ್ಚಿಕೊಂಡು ಪಾಸಾದೆ. ಕಾರ್ಖಾನೆಯ ಕೆಲಸ ನನಗೆ ಸಿಗಲಿಲ್ಲ. ಅದೇ ಬಳೆಯನ್ನು ಮತ್ತೆ ಹಾಕಿಸಿ ಆಮೇಲೆ ನಾಲ್ಕಾರು ಸಭೆಗಳಲ್ಲಿ ಸರ್ ಅದನ್ನು ತಮ್ಮದೆಂದು ಹೇಳಿ ಶಾಲು ಹೊದಿಸಿಕೊಂಡರು.

ಕೆಲಸ ಹೋದದ್ದು ನನಗೆ ಅಷ್ಟು ನೋಯಲಿಲ್ಲ. ನೋಯಿಸಿದ್ದು ಅವ್ವನ ಪಾತೇಲಿ. ಆ ದಿನದ ನಂತರ ಅದನ್ನು ಕೇಳಿಕೊಂಡು ಯಾರೂ ನಮ್ಮ ಬಾಗಿಲಿಗೆ ಬರಲಿಲ್ಲ. ಎದುರು ಸೈಟಿನಲ್ಲೇ ಮನೆ ಎದ್ದಿತು. ವಾಸ್ತುಶಾಂತಿಯ ದಿನ ಅವ್ವ ಬೆಳಿಗ್ಗೆಯೇ ತಲೆ ಬಾಚಿ ಸೀರೆ ಉಟ್ಟು ಒಳಗೆ ಕೂತಿದ್ದಳು. ಕರೆಯಲು ಬರುತ್ತಾರೆ, ಮರೆತಿರಬೇಕು ಎಂದಳು. ಅವರ ಮನೆಯ ಮಂಗಳಾರತಿಯ ಗಂಟೆ ನಮ್ಮ ಅಡುಗೆಮನೆಗೆ ಕೇಳಿಸಿತು. ಅವ್ವ ಎದ್ದು ಮನೆಯ ಸೀರೆ ಉಟ್ಟುಕೊಂಡು ಪಾತೇಲಿಯನ್ನು ದೇವರ ಮಾಡದಿಂದ ತೆಗೆದು ಅಟ್ಟದ ಮೇಲೆ ಹುಣಸೆಹಣ್ಣಿನ ಡಬ್ಬಿಗಳ ಹಿಂದೆ ಇಟ್ಟಳು. ಆಮೇಲೆ ಎಂದಿನಂತೆ ರೊಟ್ಟಿ ಬಡಿಯತೊಡಗಿದಳು.

ಆವತ್ತೇ ನಿರ್ಧಾರ ಮಾಡಿದೆ. ಬಳೆ ತೆಗೆದದ್ದು ತಾನೇ ಎಂದು ಈ ಮನುಷ್ಯನ ಬಾಯಿಂದಲೇ ಹೇಳಿಸಬೇಕು. ಅದೇ ಕಾರ್ಖಾನೆಯಲ್ಲಿ, ಅದೇ ಸಾಹುಕಾರರ ಮುಂದೆ, ಅದೇ ಪಾತೇಲಿಯ ಎದುರಿಗೆ.

ಹಾಗೆಂದು ನಾನು ಹಲ್ಲು ಕಡಿಯುತ್ತ ಕೂರಲಿಲ್ಲ. ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಸಿ ವೆಲ್ಡಿಂಗ್ ಮಷೀನು, ಯುಪಿಎಸ್ಸು ರಿಪೇರಿ ಮಾಡತೊಡಗಿದೆ. ಹೆಣ್ಣುಮಗಳು ಎಂದು ಮೊದಮೊದಲು ಬಾಗಿಲಲ್ಲೇ ನಿಂತು, "ಮಾಲಕರ ಅದಾರೇನ್ರಿ?" ಎನ್ನುತ್ತಿದ್ದರು. ಬರಬರುತ್ತ ಕಾಯಿಸುವ ಯಂತ್ರಗಳನ್ನೇ ಕಟ್ಟಿ ಕೊಡತೊಡಗಿದೆ. ಬೆಳಗಾವಿ, ಗದಗಿನಿಂದ ಜನ ಬಂದರು. ಪ್ರತಿ ಯಂತ್ರಕ್ಕೂ ಬಳೆಯನ್ನು ನಾನೇ ಸುತ್ತುತ್ತಿದ್ದೆ. ಸುತ್ತುವಾಗ ಪ್ರತಿ ಸಲವೂ ಸರ್ ಮುಖ ಕಣ್ಣ ಮುಂದೆ ಬರುತ್ತಿತ್ತು. ಒಂದು ಲೆಕ್ಕಕ್ಕೆ ಅದರಿಂದ ಕೆಲಸ ಬಿಗಿಯಾಗಿಯೇ ಆಗುತ್ತಿತ್ತು.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ಸಾಹುಕಾರರ ಕಾರ್ಖಾನೆಯಿಂದ ನನಗೆ ಕರೆ ಬಂತು. ಹೊರಗಿನಿಂದ ತರಿಸಿದ ಅವರ ಯಂತ್ರ ರಿಂಗು ಕೆಂಪಗಾಗುವ ಹೊತ್ತಿಗೇ ಸುಟ್ಟುಹೋಗುತ್ತಿತ್ತಂತೆ. ಹೋದೆ. ಸಾಹುಕಾರರ ತಲೆ ಬೆಳ್ಳಗಾಗಿತ್ತು, ವಿಭೂತಿ ಹಾಗೇ ಇತ್ತು. "ಬರ್ರಿ ಮೇಡಮ್ಮಾರ" ಎಂದು ಕುರ್ಚಿ ಕೊಟ್ಟರು. ನನ್ನ ಗುರುತು ಹತ್ತಿಲ್ಲ ಎಂದುಕೊಂಡು ನಾನೂ ಹೇಳಲಿಲ್ಲ. ಮಾತಿನ ನಡುವೆ ನಿವೃತ್ತರಾದ ಸರ್ ಈಗ ತಮ್ಮ ಸಲಹೆಗಾರರೆಂದೂ, ವಾರಕ್ಕೊಮ್ಮೆ ಧಾರವಾಡದಿಂದ ಬಂದು ಹೋಗುತ್ತಾರೆಂದೂ ತಿಳಿಯಿತು. ಕೇಳಿ ನನಗೆ ಹಿತವಾಯಿತು. ಇಷ್ಟು ಹತ್ತಿರ ಸಿಗುತ್ತಾರೆಂದು ಎಣಿಸಿರಲಿಲ್ಲ.

ಹೊಸ ಯಂತ್ರ ಕಟ್ಟಿ ಕೊಡಲು ಒಪ್ಪಿದೆ. ಒಂದು ಮಾತು ಮಾತ್ರ ಕೇಳಿಕೊಂಡೆ. ಹಾಲು ಉಕ್ಕಿಸಿಯೇ ಸುರು ಮಾಡಬೇಕು, ಅದು ಸರ್ ಹಸ್ತದಿಂದಲೇ ಆಗಬೇಕು, ಪಾತೇಲಿ ನಾನು ತರುತ್ತೇನೆ. ಸಾಹುಕಾರರು ಸಂತೋಷಪಟ್ಟರು. "ಗುರುಗಳ ಮ್ಯಾಲ ಭಕ್ತಿ ಇರೂದು ಛಲೋನಽ ಅಲ್ಲೇನ್ರಿ" ಎಂದರು.

ಯಂತ್ರದ ಮುಂಭಾಗಕ್ಕೆ ಒಂದು ಕರಿಯ ನಾಬ್ ಹಾಕಿದೆ. ಅದರ ಪಕ್ಕದಲ್ಲಿ ಆಟೋ ಮತ್ತು ಕೈ ಎಂದು ಬರೆದ ಒಂದು ಸ್ವಿಚ್ಚು. ಒಳಗೆ ಅವೆರಡಕ್ಕೂ ಒಂದು ಎಳೆ ತಂತಿಯನ್ನೂ ಜೋಡಿಸಲಿಲ್ಲ. ಬಳೆ ಮಾತ್ರ ತನ್ನ ಜಾಗದಲ್ಲಿ ಭದ್ರವಾಗಿ ಕೂತಿತ್ತು. ಆ ನಾಬನ್ನು ಎಷ್ಟು ತಿರುವಿದರೂ ಯಂತ್ರಕ್ಕೆ ಗೊತ್ತೇ ಆಗುತ್ತಿರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಖುಷಿಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ.

ಅಟ್ಟ ಹತ್ತಿ ಪಾತೇಲಿ ಇಳಿಸಿದೆ. ಹಸಿರುಗಟ್ಟಿತ್ತು. ಕಲಾಯಿ ಹಾಕುವವರು ಊರಲ್ಲಿ ಅಷ್ಟು ಹೊತ್ತಿಗೆ ಅಪರೂಪವಾಗಿದ್ದರು, ಹಳೇ ಹುಬ್ಬಳ್ಳಿಯಲ್ಲೊಬ್ಬ ಮುದುಕ ಸಿಕ್ಕಿದ. ತೊಳೆದು ತಂದು ಅವ್ವನ ಮುಂದೆ ಇಟ್ಟು, ನೀನೂ ಬಾ ಎಂದೆ. ಅವಳು ಅದನ್ನು ಮುಟ್ಟಲಿಲ್ಲ. "ನಾ ಒಲ್ಲೆವಾ. ಒಮ್ಮೆ ನೋಡಿದ್ದು ಸಾಕು. ನೀ ಒಯ್ಯಿ" ಎಂದಳು.

ಮತ್ತೆ ಅದೇ ಅಂಗಳ, ರಂಗೋಲಿ, ಹಾರ. ಸರ್ ಬಂದರು. ಅಂಗಿಯ ಇಸ್ತ್ರಿ ಹಾಗೇ ಇತ್ತು, ಒಳಗಿನ ಮನುಷ್ಯ ಸ್ವಲ್ಪ ಸಣ್ಣಗಾಗಿದ್ದರು. ನನ್ನನ್ನು ನೋಡಿ ಒಂದು ಗಳಿಗೆ ನಿಂತರು. "ನೀ... ನಮ್ಮ ಸ್ಟೂಡೆಂಟ್ ಅಲ್ಲೇನವಾ?" ಎಂದರು. "ಹೌದ್ರಿ ಸರ್, ನಿಮ್ಮ ಕೈಯಾಗಽ ಕಲ್ತಾಕಿ" ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಬಗ್ಗಿದಾಗ ನನಗೆ ನಗು ಬಂದಿತ್ತು.

ಪಾತೇಲಿಗೆ ಹಾಲು ಸುರಿದು ಸುರುಳಿಯೊಳಗೆ ಇಟ್ಟೆ. ಸರ್ ಕಣ್ಣು ಮೊದಲು ಹಿತ್ತಾಳೆಯ ಮೇಲೆ ಬಿತ್ತು, ಆಮೇಲೆ ನಾಬಿನ ಮೇಲೆ. ಅಲ್ಲಿಂದ ಆಚೆ ಹೋಗಲಿಲ್ಲ.

"ನಿಮಗ ನಾಬ್ ಅಂದ್ರ ಭಾಳ ಪ್ರೀತಿ ಅಂತ ಹಾಕ್ಸೇನ್ರಿ ಸರ್" ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ. "ಸ್ವಿಚ್ಚ ಕೈ ಮ್ಯಾಲ ಹಾಕ್ರಿ. ಒಳಗಿನ ಬಳಿ ಕೆಲಸ ಬಂದ್ ಆಗತೈತಿ. ಆಮ್ಯಾಲ ನೀವು ತಿರುವ್ರಿ."

ಸರ್ ಕೈ ಚಾಚಿದರು. ಅರ್ಧಕ್ಕೇ ನಿಲ್ಲಿಸಿದರು. "ಆಟೋದಾಗಽ ಇರಲಿ ಬಿಡವಾ."

"ಯಾಕ್ರಿ ಸರ್?"

"ಇರಲಿ ಬಿಡು. ಎಲ್ಲಾ ಒಂದಽ."

ಸಾಹುಕಾರರು ಗಡಿಯಾರ ನೋಡಿಕೊಂಡರು. "ತಿರುವ್ರಿ ಸರ್, ಇನ್ನ ರಾಹುಕಾಲ ಕೂಡತೈತಿ."

"ಬ್ಯಾಡ್ರಿ, ಸುಡತೈತಿ ಅದು!" ಎಂದುಬಿಟ್ಟರು ಸರ್. ದನಿ ಏರಿತ್ತು. "ಹಿತ್ತಾಳಿ ಐತಿ ಒಳಗ. ಬಳಿ ಇಲ್ಲದ ಹಾಕಿದ್ರ ಸುಡತೈತಿ."

"ನಿಮಗ ಹ್ಯಾಂಗ ಗೊತ್ತಾತ್ರಿ?" ನಾನು ಒಂದು ಹೆಜ್ಜೆ ಮುಂದೆ ಹೋದೆ. "ಹಿಂದಕೊಮ್ಮೆ ಇಲ್ಲೇ ಸುಟ್ಟಿತ್ತಲ್ರಿ. ಅವತ್ತ ಬಳಿ ಯಾರ ತಗದಿದ್ರು? ಹುಡುಗಿ ಮರ್ತಿದ್ಲೋ, ಯಾರರ ತಗದಿದ್ರೋ?"

ಸರ್ ಕರ್ಚೀಪು ತೆಗೆದು ಕುತ್ತಿಗೆ ಒರೆಸಿಕೊಂಡರು. ನಾನು ಸ್ವಿಚ್ಚನ್ನು ಕೈ ಎಂದು ಬರೆದ ಕಡೆ ಒತ್ತಿ, ನಾಬಿನ ಮೇಲೆ ಬೆರಳಿಟ್ಟೆ. ಸರ್ ಹಿಂದಕ್ಕೆ ಸರಿದರು.

"ನಾನಽ ತಗದಿದ್ದೆ" ಎಂದರು. "ನಾನಽ. ಕೈ ತಗೀ ನೀ ಮೊದಲ."

ನಾನು ಕೈ ತೆಗೆಯಲಿಲ್ಲ. ನಾಬನ್ನು ಈ ಕಡೆಯಿಂದ ಆ ಕಡೆಗೆ ಪೂರ್ತಿ ತಿರುವಿದೆ. ಏನೂ ಆಗಲಿಲ್ಲ. ಎಳೆದು ಕಿತ್ತೆ, ಅದು ಸಲೀಸಾಗಿ ಕೈಗೆ ಬಂತು. ಹಿಂದೆ ತಂತಿಯಿಲ್ಲದ ಬರಿಯ ತೂತು. ನಾಬನ್ನು ಸರ್ ಅಂಗೈಯಲ್ಲಿ ಇಟ್ಟು ಬೆರಳು ಮುಚ್ಚಿದೆ. "ನಿಮ್ಮದಽ ರಿ ಇದು, ಇಟ್ಕೋರಿ" ಎಂದೆ. ಆ ಮುಖ ನೋಡಲು ನಾನು ಅಷ್ಟು ವರ್ಷ ಕಾದಿದ್ದೆ, ಚೆನ್ನಾಗಿ ನೋಡಿದೆ. ಕಣ್ಣು ತುಂಬ ನೋಡಿದೆ. ಆಮೇಲೆ ಗೆದ್ದ ಖುಷಿಯಲ್ಲಿ ಸಾಹುಕಾರರ ಕಡೆ ತಿರುಗಿದೆ. ಕೇಳಿದಿರಲ್ಲ, ಈಗಲಾದರೂ ತಿಳಿಯಿತಲ್ಲ ಎನ್ನುವ ಹಾಗೆ.

ಸಾಹುಕಾರರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. "ಗೊತ್ತಿತ್ತಲ್ಲವ್ವಾ ಅದು" ಎಂದರು, ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ. "ನಿನ್ನ ಗುರ್ತಾನೂ ಕಂಡಕೂಡ್ಲೇ ಹತ್ತಿತ್ತು. ಅವತ್ತ ಸಂಜೀನಽ ಸರ್ ನಮ್ಮನಿಗೆ ಬಂದು ಎಲ್ಲಾ ಹೇಳಿದ್ರು. ಕಾಲೇಜಿನ ಮಾನದ ಪ್ರಶ್ನೆ ಅಂದ್ರು. ಅಷ್ಟ ದೊಡ್ಡವರ ಹೆಸರ ಕೆಡಸೂದ ಛಲೋ ಕಾಣತಿತ್ತೇನು? ನೀ ಸಣ್ಣಾಕಿ ಇದ್ದಿ. ಮಂದಿ ಮರ್ತ ಬಿಡ್ತಾರ ಅಂತ ಸುಮ್ಮನಾದ್ವಿ. ಹೋಗ್ಲಿ, ಹಳೇ ಮಾತ ಯಾಕ? ಹಾಲ ಉಕ್ಕಸು, ಹೊತ್ತ ಮೀರಾಕತ್ತೈತಿ."

ಇಷ್ಟು ವರ್ಷ ನಾನು ಒಬ್ಬನನ್ನೇ ಬೈದುಕೊಂಡು ಕೂತಿದ್ದೆ. ಆ ಹೇಡಿಯಾದರೂ ಅದೇ ದಿನ ಸಂಜೆ ಒಬ್ಬರ ಹತ್ತಿರ ನಿಜ ಹೇಳಿದ್ದ. ಕೇಳಿಸಿಕೊಂಡವರು ಆ ನಿಜವನ್ನು ಶಲ್ಯದ ಕೆಳಗೆ ಇಟ್ಟುಕೊಂಡು ದಿನಾ ಪೂಜೆ ಮಾಡಿದರು, ವಿಭೂತಿ ಹಚ್ಚಿಕೊಂಡರು. ಅವರು ಒಂದು ಮಾತು ಆಡಿದ್ದರೆ ನಮ್ಮ ಓಣಿಯ ಹೆಂಗಸರು ಕೇಳುತ್ತಿದ್ದರು. ಎದುರು ಮನೆಯ ಗಂಟೆ ಬಾರಿಸುವಾಗ ಅವ್ವ ಅಲ್ಲಿ ಇರುತ್ತಿದ್ದಳು. ಮಂದಿ ಮರೆತಿರಲಿಲ್ಲ. ಅವಳನ್ನು ಕರೆಯುವುದನ್ನಷ್ಟೇ ಮರೆತಿದ್ದರು.

ನಾನು ಹಸಿರು ಗುಂಡಿ ಒತ್ತಿದೆ. ಯಂತ್ರ ಗುಂಯ್‌ಗುಡತೊಡಗಿತು. ಮೀಟರಿನ ಮುಳ್ಳು ಏರಿ, ಹಿತ್ತಾಳೆಯ ಲಯ ಹುಡುಕಿ, ಸ್ಥಿರವಾಗಿ ನಿಂತಿತು. ಹಾಲಿನ ಅಂಚಿಗೆ ಸಣ್ಣ ಗುಳ್ಳೆ ಬಂದವು, ಕೆನೆ ನಡುಗಿತು. ಹೆಂಗಸರು ಅರಿಷಿಣ ಕುಂಕುಮದ ತಟ್ಟೆ ಹಿಡಿದು ಮುಂದೆ ಬಂದರು. ಸಾಹುಕಾರರು ಕಣ್ಣು ಮುಚ್ಚಿ ಕೈಮುಗಿದರು. ಹಾಲು ಏರಿತು, ಕಂಠಕ್ಕೆ ಬಂತು, ಅಂಚಿನ ಮೇಲೆ ದುಂಡಗೆ ಎದ್ದು ನಿಂತಿತು.

ನಾನು ಕೆಂಪು ಗುಂಡಿ ಒತ್ತಿದೆ.

ಹಾಲು ಸುಯ್ ಎಂದು ಕೆಳಗೆ ಇಳಿಯಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಸಾಹುಕಾರರು ಕಣ್ಣು ಬಿಟ್ಟರು. ಅವರ ಮುಖದ ಬಣ್ಣ ಹಣೆಯ ವಿಭೂತಿಯಂತೆಯೇ ಆಗಿತ್ತು.

"ನನ್ನ ಕಾಲ್ಗುಣ ಸರಿಯಿಲ್ಲಂತ ಈ ಅಂಗಳದಾಗಽ ಅಂದಿದ್ರು, ನೀವು ಗೊತ್ತಾದ ಮ್ಯಾಲೂ ಅನ್ನಾಕ ಬಿಟ್ರಿ. ಅವತ್ತ ಅದು ಸುಳ್ಳಿತ್ತರಿ. ಇವತ್ತ ಖರೇ ಮಾಡೇನಿ, ನೋಡ್ರಿ" ಎಂದೆ. "ಹಾಲ ಉಕ್ಕಬೇಕಂದ್ರ ನವನಗರಕ್ಕ ಬರ್ರಿ. ಸಂಜೀಮುಂದ ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಹೊರಗ ಕುಂತಿರ್ತಾರ. ನಮ್ಮವ್ವನ ಮುಂದ, ಅವರಿಗೆಲ್ಲಾ ಕೇಳೂವಂಗ ಹೇಳ್ರಿ. ಅಲ್ಲಿತನಕ ಈ ಮಷೀನ್ ಸುರು ಆಗೂದಿಲ್ಲ."

ಬಳೆಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಪಾತೇಲಿಯ ಹಾಲನ್ನು ತೆಂಗಿನ ಗಿಡದ ಬುಡಕ್ಕೆ ಸುರಿದು ಮನೆಗೆ ಬಂದೆ.

ಯಾರೂ ಬರುವುದಿಲ್ಲ ಎಂದೇ ನಾನು ಎಣಿಸಿದ್ದೆ. ಆದರೆ ಹಾಲು ಉಕ್ಕದ ಯಂತ್ರವನ್ನು ಕಾರ್ಖಾನೆಯಲ್ಲಿಟ್ಟುಕೊಂಡು ಆ ಮನುಷ್ಯನಿಗೆ ನಿದ್ದೆ ಹತ್ತಿರಲಿಕ್ಕಿಲ್ಲ. ಅದೇ ವಾರ ಒಂದು ಸಂಜೆ ಅವರ ಬಿಳಿ ಕಾರು ನಮ್ಮ ಓಣಿಗೆ ಬಂತು. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಕಾಳು ಆರಿಸುವುದು ನಿಲ್ಲಿಸಿದರು. ಸಾಹುಕಾರರು ಗೇಟಿನ ಬಳಿಯೇ ನಿಂತು ಕೈಮುಗಿದರು. ತಪ್ಪು ಹುಡುಗಿಯದಲ್ಲ, ಪಾತೇಲಿಯದೂ ಅಲ್ಲ, ಪ್ರೊಫೆಸರರದು, ಗೊತ್ತಿದ್ದೂ ನಾನು ಸುಮ್ಮನಿದ್ದೆ ಎಂದರು. ಮೊದಲ ಸಲ ಮೆತ್ತಗೆ ಹೇಳಿದರು. ಕೇಳಿಸಲಿಲ್ಲ ಎಂದೆ. ಎರಡನೆಯ ಸಲ ಎದುರು ಮನೆಯ ಮಾಳಿಗೆಯವರೆಗೂ ಕೇಳಿಸಿತು.

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಳುತ್ತಾಳೆ ಎಂದುಕೊಂಡಿದ್ದೆ. ಸೆರಗು ಸರಿಮಾಡಿಕೊಂಡಳು. "ಹೊರಗ ಯಾಕ ನಿಂತೀರಿ? ಒಳಗ ಬರ್ರಿ, ಚಾ ಕುಡದ ಹೋಗ್ರಿ" ಎಂದಳು. ಇವಳೇನು ಇಷ್ಟು ಬೇಗ ಕರಗಿಬಿಟ್ಟಳು ಎಂದು ನನಗೆ ಮೈಯೆಲ್ಲ ಉರಿಯಿತು. ಸಾಹುಕಾರರ ಮುಖದಲ್ಲಿ ಮಾತ್ರ ಜೀವ ಬಂತು. ಹಗುರಾಗಿ ಉಸಿರು ಬಿಟ್ಟು ಪಡಸಾಲೆಯ ಕುರ್ಚಿಯಲ್ಲಿ ಕೂತರು.

ಅವ್ವ ಒಳಗಿನಿಂದ ಬಸಿಯ ಮೇಲೆ ಚಹಾದ ಕಪ್ಪು ಇಟ್ಟು ತಂದು ಅವರ ಮುಂದೆ ಇಟ್ಟಳು. ಕರಿ ಚಹಾ. ನಮ್ಮ ಕಡೆ ಸಾಲದವನು ಬಾಗಿಲಿಗೆ ಬಂದರೂ ಹಾಲಿಲ್ಲದ ಚಹಾ ಕೊಡುವುದಿಲ್ಲ. ಸಾಹುಕಾರರು ಕಪ್ಪನ್ನು ನೋಡಿದರು, ಅವ್ವನನ್ನು ನೋಡಿದರು.

"ಹಾಲಿಲ್ಲರಿ ಮನ್ಯಾಗ" ಎಂದಳು ಅವ್ವ.

ಅವರು ಕೂತಲ್ಲಿಂದ ಅಡುಗೆಮನೆ ನೇರವಾಗಿ ಕಾಣುತ್ತಿತ್ತು. ಒಲೆಯ ಮೇಲೆ ಹಿತ್ತಾಳೆ ಪಾತೇಲಿ ಇತ್ತು. ಅದರ ತುಂಬ ಹಾಲಿತ್ತು, ಉಕ್ಕಿ ಹೊರಗೆ ಹರಿಯುತ್ತಿತ್ತು. ಅವ್ವ ಒಲೆ ಆರಿಸಲು ಹೋಗಲಿಲ್ಲ. ಅವರೆದುರು ಕೂತು, ಅವರು ಆ ಚಹಾವನ್ನು ಕೊನೆಯ ಗುಟುಕಿನ ತನಕ ಕುಡಿಯುವುದನ್ನು ನೋಡಿದಳು.